ಬೇಲಿಯೇ ಎದ್ದು ಹೊಲ ಮೇಯ್ದರೆ



ಬಂಡೂರಿನ ಕುರಿಯ ಹೆಸರು ದೇಶಕ್ಕೆಲ್ಲ ಗೊತ್ತು. ಕೊಂಬಿಲ್ಲದ ತಲೆ, ಗಿಡ್ಡ ಕಾಲು, ಹಿಂದಿನಿಂದ ನೋಡಿದರೆ ಲಾಳದಾಕಾರದಲ್ಲಿ ಕಾಣುವ ದುಂಡನೆಯ ಮೈ. ಇಂಥ ಒಂದು ಟಗರನ್ನು ಸಾಕಿದವರ ಮನೆಯಲ್ಲಿ ಅದು ಬರಿಯ ಪ್ರಾಣಿಯಲ್ಲ. ಮಗಳ ಮದುವೆಯ ಖರ್ಚು ಅದರ ಬೆನ್ನ ಮೇಲಿರುತ್ತದೆ, ಕೈಸಾಲದ ಬಡ್ಡಿಯೂ ಇರುತ್ತದೆ. ಕುರಿಯ ರೋಗ, ಕುರಿಯ ಮೇವು, ಜಂತುಹುಳದ ಔಷಧಿ ಇವುಗಳ ವಿಷಯ ಬರೆಯುವುದು ನಮ್ಮ ವಾಡಿಕೆ. ಈ ಸಲದ ಪಾಠ ಬೇರೆ. ಆ ಟಗರು ರಾತ್ರೋರಾತ್ರಿ ರೊಪ್ಪದಿಂದ ಮಾಯವಾದರೆ, ದೂರು ಕೊಡಲು ಹೋದ ರೈತನನ್ನೇ ಠಾಣೆಯಲ್ಲಿ ಗದರಿಸಿ ಕಳಿಸಿದರೆ, ಅಥವಾ ಅನುಮಾನದ ಮೇಲೆ ಅವನನ್ನೇ ಕೂರಿಸಿಕೊಂಡರೆ, ಏನು ಮಾಡತಕ್ಕದ್ದು?

ಇದನ್ನು ಬರೆಯಲು ಕಾರಣವಿದೆ. ಕುರಿ ಕಳೆದುಕೊಂಡವರನ್ನು "ದೂರು ಕೊಟ್ಟಿರಾ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಸ್ಟೇಷನ್ ಮೆಟ್ಲು ಹತ್ತಿದ್ರೆ ಉಳಿದಿರೋ ಕುರೀನೂ ಹೋಯ್ತದೆ, ಬುಡಿ ಸ್ವಾಮಿ." ಈ ಮಾತಿನಲ್ಲಿ ಅರ್ಧ ಭಯ, ಅರ್ಧ ತಿಳಿವಳಿಕೆಯ ಕೊರತೆ. ಪೋಲೀಸರಲ್ಲಿ ಬಹುಮಂದಿ ನಮ್ಮಂಥ ರೈತರ ಮಕ್ಕಳೇ. ಹಗಲು ರಾತ್ರಿ ದುಡಿಯುವವರು. ಅವರ ಮೇಲೆ ಎತ್ತಿಕಟ್ಟುವುದು ನನ್ನ ಉದ್ದೇಶವಲ್ಲ. ಆದರೆ ಹೊಲಕ್ಕೆ ಹಾಕಿದ ಬೇಲಿಯೇ ಹೊಲ ಮೇಯ್ದಾಗ ಯಾರಿಗೆ ಹೇಳಬೇಕೆಂದು ಹೊಲದ ಯಜಮಾನನಿಗೆ ತಿಳಿದಿರಬೇಕು. ನಾನು ಬೀಜ ಗೊಬ್ಬರ ಓದಿದವನು, ಕಾನೂನು ಓದಿದವನಲ್ಲ. ವಕೀಲರ ಬಳಿಗೆ ಹೋಗುವ ಮುಂಚೆ ಒಬ್ಬ ರೈತನಿಗೆ ಗೊತ್ತಿರಬೇಕಾದಷ್ಟನ್ನು ಮಾತ್ರ ಇಲ್ಲಿ ಹೇಳಿದ್ದೇನೆ.

ಮೊದಲು ದೂರಿನ ವಿಷಯ. 2024ರ ಜುಲೈ 1ರಿಂದ ನಮ್ಮಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕಾನೂನು ನಡೆಯುತ್ತಿದೆ. ಅದರ 173ನೆಯ ಕಲಮಿನಂತೆ ದೂರನ್ನು ಬರೆದು ಕೊಡಬಹುದು, ಬಾಯಲ್ಲಿ ಹೇಳಿ ಬರೆಸಬಹುದು. ಕಳ್ಳತನ ನಡೆದದ್ದು ಬೇರೆ ಠಾಣೆಯ ಸರಹದ್ದಿನಲ್ಲಿ ಎಂದು ಹೇಳಿ ಹಿಂದಕ್ಕೆ ಕಳಿಸುವಂತಿಲ್ಲ. ಪೋಲೀಸರು ನೇರವಾಗಿ ತನಿಖೆ ಮಾಡಬಹುದಾದ ಅಪರಾಧವಾದರೆ ಪ್ರಥಮ ವರ್ತಮಾನ ವರದಿ, ಅಂದರೆ ಎಫ್.ಐ.ಆರ್., ದಾಖಲು ಮಾಡಲೇಬೇಕೆಂದು ಸುಪ್ರೀಂ ಕೋರ್ಟು 2013ರ ನವೆಂಬರ್ 12ರಂದು ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿದೆ. ಹೊಸ ಕಾನೂನಿನಲ್ಲಿ ಕೆಲವು ಅಪರಾಧಗಳಿಗೆ, ಡಿ.ವೈ.ಎಸ್.ಪಿ.ಯವರ ಅನುಮತಿ ಪಡೆದು, 14 ದಿನಗಳ ಒಳಗೆ ಮೊದಲೊಂದು ವಿಚಾರಣೆ ಮಾಡಿಕೊಳ್ಳುವ ಅವಕಾಶವಿದೆ. "ಆಮೇಲೆ ನೋಡೋಣ, ಹೋಗು" ಎನ್ನುವುದಕ್ಕೆ ಮಾತ್ರ ಅವಕಾಶವಿಲ್ಲ. ಎಫ್.ಐ.ಆರ್. ನಕಲನ್ನು ದೂರು ಕೊಟ್ಟವರಿಗೆ ಪುಕ್ಕಟೆಯಾಗಿ ಕೊಡಬೇಕು, ಕೇಳಿ ಪಡೆಯಿರಿ.

ಇಲ್ಲೊಂದು ಸೂಕ್ಷ್ಮವಿದೆ, ರೈತರು ಎಡವುವುದು ಇಲ್ಲಿಯೇ. ಕದ್ದ ವಸ್ತುವಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಾದರೆ ಹೊಸ ಕಾನೂನಿನಲ್ಲಿ ಅದು ಪೋಲೀಸರು ತಾವಾಗಿಯೇ ತನಿಖೆಗೆ ಇಳಿಯಬಹುದಾದ ಅಪರಾಧವಲ್ಲ. ಆದ್ದರಿಂದ ದೂರಿನಲ್ಲಿ "ಒಂದು ಕುರಿ ಕಳುವಾಗಿದೆ" ಎಂದಷ್ಟೇ ಬರೆಯಬೇಡಿ. ಟಗರೋ ಹೆಣ್ಣೋ, ಎಷ್ಟು ಹಲ್ಲು, ಮುಖದ ಬಣ್ಣವೇನು, ಕಿವಿಗೆ ಓಲೆ ಹಾಕಿಸಿದ್ದರೆ ಅದರ ಸಂಖ್ಯೆ, ಸಂತೆಯಲ್ಲಿ ನಡೆಯುವ ಬೆಲೆ ಇಷ್ಟನ್ನೂ ಬರೆಯಿರಿ. ತಳಿ ಕುರಿ ಸಾಕುವವರು ಪ್ರತಿ ಟಗರಿನದೂ ಒಂದು ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಬೆಲೆಯನ್ನು ಉಬ್ಬಿಸಿ ಬರೆಯಬೇಡಿ; ಸುಳ್ಳು ಮಾಹಿತಿ ಕೊಡುವುದೂ ಒಂದು ಅಪರಾಧ.

ದೂರನ್ನು ತೆಗೆದುಕೊಳ್ಳದೆ ಹೋದರೆ? ಕಾರಣ ಬರೆದು ಹಿಂಬರಹ ಕೊಡಿ ಎಂದು ವಿನಯದಿಂದಲೇ ಕೇಳಿ. ಕೊಡದಿದ್ದರೆ ಜಗಳಕ್ಕೆ ನಿಲ್ಲಬೇಡಿ. ಅದೇ ದೂರನ್ನು ಅಂಚೆಯ ಮೂಲಕ ಮಂಡ್ಯದ ಪೋಲೀಸ್ ಸೂಪರಿಂಟೆಂಡೆಂಟರಿಗೆ ಕಳಿಸಿ. ಅಲ್ಲಿಯೂ ಏನೂ ನಡೆಯದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರದೊಡನೆ ಅರ್ಜಿ ಹಾಕಬಹುದು; 175ನೆಯ ಕಲಮಿನಂತೆ ಅವರು ತನಿಖೆಗೆ ಆಜ್ಞೆ ಮಾಡಬಲ್ಲರು. ಈ ಮೂರು ಮೆಟ್ಟಿಲನ್ನು ಕ್ರಮವಾಗಿಯೇ ಹತ್ತಬೇಕು. ಸೂಪರಿಂಟೆಂಡೆಂಟರಿಗೆ ಬರೆದ ಗುರುತಿಲ್ಲದೆ ಕೋರ್ಟಿಗೆ ಹೋದವರನ್ನು ಮೊದಲು ಅಲ್ಲಿಗೆ ಬರೆದು ಬನ್ನಿ ಎಂದು ಹಿಂದಕ್ಕೆ ಕಳಿಸುತ್ತಾರೆ.

ಇನ್ನು ಕಳವಾದ ಟಗರು ಸಿಕ್ಕಿತೆಂದು ಇಟ್ಟುಕೊಳ್ಳೋಣ. ಸಂತೋಷವೇ. ಆದರೆ ಅದೀಗ ಮುದ್ದೆಮಾಲು, ಅಂದರೆ ಮೊಕದ್ದಮೆಯ ವಸ್ತು. ಠಾಣೆಯ ಹಿಂದೆ ಕಟ್ಟಿಹಾಕಿದ ಕುರಿಗೆ ಮೇವು ಹಾಕುವವರು ಯಾರು? ನಾಲ್ಕು ವಾರದಲ್ಲಿ ಬಡಕಲಾದ ಬಂಡೂರು ಟಗರನ್ನು ಕಟುಕನೂ ಕೇಳುವುದಿಲ್ಲ. ಟ್ರಾಕ್ಟರು, ಪಂಪ್‌ಸೆಟ್ಟು, ಎತ್ತಿನ ಗಾಡಿಗಳ ಪಾಡೂ ಇದೇ. ಎಷ್ಟು ಠಾಣೆಗಳ ಮುಂದೆ ತುಕ್ಕು ಹಿಡಿದ ವಾಹನಗಳ ರಾಶಿಯನ್ನು ನಾವು ನೋಡಿಲ್ಲ! ಸುಂದರಭಾಯಿ ಅಂಬಾಲಾಲ್ ದೇಸಾಯಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2002ರಲ್ಲಿಯೇ ಹೇಳಿತು: ಜಪ್ತಿಯಾದ ವಸ್ತುವನ್ನು 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಠಾಣೆಯಲ್ಲಿ ಇಟ್ಟುಕೊಳ್ಳಬಾರದು, ಫೋಟೋ ತೆಗೆದು, ಮಹಜರು ಮಾಡಿ, ಮುಚ್ಚಳಿಕೆ ಬರೆಸಿಕೊಂಡು ಹಕ್ಕುದಾರನಿಗೆ ಒಪ್ಪಿಸಬೇಕು. ಹೊಸ ಕಾನೂನಿನ 497ನೆಯ ಕಲಮು ಇದಕ್ಕೆ ವಾಯಿದೆಯನ್ನೇ ಹಾಕಿದೆ. ವಸ್ತು ಕೋರ್ಟಿನ ಮುಂದೆ ಬಂದ 14 ದಿನದಲ್ಲಿ ಅದರ ವಿವರ ಬರೆದು ಫೋಟೋ ತೆಗೆಸಬೇಕು. ಆಮೇಲೆ 30 ದಿನದಲ್ಲಿ ಅದನ್ನು ಏನು ಮಾಡಬೇಕೆಂದು ಆಜ್ಞೆಯಾಗಬೇಕು. ಕುರಿಯನ್ನು ತನ್ನ ಸುಪರ್ದಿಗೆ ಕೊಡಬೇಕೆಂದು ರೈತನು ಕೋರ್ಟಿಗೆ ಅರ್ಜಿ ಹಾಕಿಕೊಳ್ಳಬೇಕು. ಯಾರೂ ತಾವಾಗಿಯೇ ತಂದು ರೊಪ್ಪಕ್ಕೆ ಬಿಡುವುದಿಲ್ಲ.

ಠಾಣೆಯಲ್ಲಿಟ್ಟ ವಸ್ತುವೇ ಕಳವಾದರೆ ಏನು? ನಗಬೇಡಿ, ನಮ್ಮ ನಾಡಿನಲ್ಲಿಯೇ ನಡೆದಿದೆ. ಇದು ಮೈಸೂರು ಸಂಸ್ಥಾನದ ಹೆಸರು ರಾಜ್ಯಕ್ಕೆ ಇದ್ದ ಕಾಲದ ಸಂಗತಿ. ಉತ್ತರದ ಕಡೆಯ ಪಾಟೀಲರ ಮನೆಯೊಂದರಲ್ಲಿ ಕನ್ನ ಬಿತ್ತು. ಒಡವೆಗಳು ಸಿಕ್ಕವು. ಅವುಗಳನ್ನು ಪೋಲೀಸರ ವಶದಲ್ಲಿಯೇ ಪೆಟ್ಟಿಗೆಯಲ್ಲಿ ಇಡಲಾಯಿತು. ಕೊನೆಗೆ ಪೆಟ್ಟಿಗೆ ತೆರೆದು ನೋಡಿದರೆ ಒಡವೆಯಿಲ್ಲ! ಒಡವೆಯ ಒಡತಿ ಬಸವ್ವ ಕೋಂ ದ್ಯಾಮನಗೌಡ ಪಾಟೀಲರು ಸುಮ್ಮನಾಗಲಿಲ್ಲ. ನನ್ನ ಒಡವೆ ಕೊಡಿ, ಇಲ್ಲವೇ ಬೆಲೆ ಕೊಡಿ ಎಂದರು. ಕೆಳಗಿನ ಕೋರ್ಟುಗಳಲ್ಲಿ ಆಗಲಿಲ್ಲ, ಹೈಕೋರ್ಟಿನಲ್ಲಿಯೂ ಆಗಲಿಲ್ಲ. ಸುಪ್ರೀಂ ಕೋರ್ಟಿನವರೆಗೆ ಹೋದರು. 1977ರಲ್ಲಿ ಆ ಕೋರ್ಟು, ವಸ್ತು ಸರ್ಕಾರದ ವಶದಲ್ಲಿದ್ದಾಗ ಕಳೆದಿದೆ, ತಕ್ಕ ಎಚ್ಚರಿಕೆಯಿಂದ ಕಾಯ್ದೆವೆಂದು ಸರ್ಕಾರ ತೋರಿಸಿಕೊಟ್ಟಿಲ್ಲ, ಆದ್ದರಿಂದ ಬೆಲೆ ತೆರಬೇಕು ಎಂದು ಆಜ್ಞೆ ಮಾಡಿತು. ಇಂದಿಗೂ ದೇಶದ ಯಾವ ಮೂಲೆಯಲ್ಲಿ ಮುದ್ದೆಮಾಲಿನ ತಕರಾರು ಬಂದರೂ ವಕೀಲರು ಈ ಕನ್ನಡ ಹೆಣ್ಣುಮಗಳ ಹೆಸರು ಹೇಳುತ್ತಾರೆ. ಸರ್ಕಾರ ನಮ್ಮಿಂದ ಒಂದು ವಸ್ತುವನ್ನು ತೆಗೆದುಕೊಂಡರೆ ಅದು ಯಜಮಾನನಾಗುವುದಿಲ್ಲ, ಕಾವಲುಗಾರನಾಗುತ್ತದೆ. ನಾನು ಈ ಪಾಠದಲ್ಲಿ ಹೇಳಬೇಕೆಂದಿರುವುದು ಬಹುಮಟ್ಟಿಗೆ ಇಷ್ಟೇ.

ವಸ್ತುವಿಗೆ ಇಷ್ಟು ಕಾವಲು ಇದ್ದರೆ ಮನುಷ್ಯನ ಮೈಗೆ ಎಷ್ಟಿರಬೇಡ?

"ಸುಮ್ನೆ ವಿಚಾರಣೆಗೆ ಬಾ" ಎಂದು ಕರೆದುಕೊಂಡು ಹೋಗಿ ಎರಡು ದಿನ ಕೂರಿಸಿಕೊಂಡರೆಂಬ ಮಾತು ಹಳ್ಳಿಗಳಲ್ಲಿ ಕೇಳಿಬರುತ್ತದೆ. ಕಾನೂನಿನಲ್ಲಿ ಎರಡೇ ಸ್ಥಿತಿ: ಒಂದೋ ನೀವು ದಸ್ತಗಿರಿಯಾಗಿದ್ದೀರಿ, ಇಲ್ಲವೇ ಮನೆಗೆ ಹೋಗಲು ಸ್ವತಂತ್ರರು. ನಡುವೆ "ಕೂರಿಸಿಕೊಳ್ಳುವುದು" ಎಂಬುದಿಲ್ಲ. ಸಾಕ್ಷಿಯಾಗಿ ಕರೆಯುವುದಾದರೆ ಬರವಣಿಗೆಯ ಆಜ್ಞೆ ಕೊಡಬೇಕು. ಹೆಂಗಸರನ್ನು, 15 ವರ್ಷಕ್ಕೆ ಒಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆಯವರನ್ನು ಸಾಕ್ಷಿ ಹೇಳಲು ಠಾಣೆಗೆ ಬರಲೇಬೇಕೆನ್ನುವಂತಿಲ್ಲ. ಅವರಿರುವಲ್ಲಿಗೇ ಬಂದು ಕೇಳಬೇಕು. ತನಿಖೆಯಲ್ಲಿ ನೀವು ಹೇಳಿದ ಹೇಳಿಕೆಗೆ ನಿಮ್ಮ ರುಜು ಬೇಕಿಲ್ಲವೆಂದು ಕಾನೂನೇ ಹೇಳುತ್ತದೆ. ಖಾಲಿ ಕಾಗದಕ್ಕೆ ರುಜುವನ್ನಾಗಲಿ ಹೆಬ್ಬೆಟ್ಟನ್ನಾಗಲಿ ಯಾವ ಕಾರಣಕ್ಕೂ ಹಾಕಬೇಡಿ.

ದಸ್ತಗಿರಿಯೇ ಆದರೆ ಅದಕ್ಕೂ ಕ್ರಮವಿದೆ. ಬಂಗಾಳದಲ್ಲಿ ಕಾನೂನು ನೆರವಿನ ಕೆಲಸ ಮಾಡುತ್ತಿದ್ದ ಡಿ.ಕೆ. ಬಸು ಎಂಬವರು ಲಾಕಪ್ಪಿನ ಸಾವುಗಳ ಬಗ್ಗೆ 1986ರಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. ಆ ಕಾಗದವನ್ನೇ ಅರ್ಜಿಯೆಂದು ಸ್ವೀಕರಿಸಿ, 1996ರ ಡಿಸೆಂಬರ್ 18ರಂದು ಕೋರ್ಟು ಇಡೀ ದೇಶದ ಪೋಲೀಸರಿಗೆ ನಿಯಮ ಹಾಕಿತು. ದಸ್ತಗಿರಿ ಮಾಡುವವರ ಎದೆಯ ಮೇಲೆ ಹೆಸರಿನ ಪಟ್ಟಿ ಇರಬೇಕು. ದಿನ, ಗಳಿಗೆ ಬರೆದ ದಸ್ತಗಿರಿ ಪತ್ರ ಆಗಬೇಕು. ಅದಕ್ಕೆ ಮನೆಯವರೊಬ್ಬರು ಅಥವಾ ಊರಿನ ಗೌರವಸ್ಥರೊಬ್ಬರು ಸಾಕ್ಷಿ ಹಾಕಬೇಕು. ಎಲ್ಲಿ ಇಟ್ಟಿದ್ದಾರೆಂದು ಬಂಧುಗಳಿಗೆ ತಿಳಿಸಬೇಕು. ವಕೀಲರನ್ನು ಕಾಣಲು ಬಿಡಬೇಕು. ವೈದ್ಯರು ಮೈ ಪರೀಕ್ಷೆ ಮಾಡಬೇಕು. ಇದೆಲ್ಲ ಈಗ ಬಹುಮಟ್ಟಿಗೆ ಸಂಹಿತೆಯಲ್ಲಿಯೇ ಸೇರಿದೆ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂಬುದಂತೂ ಸಂವಿಧಾನದ 22ನೆಯ ವಿಧಿ. ಮ್ಯಾಜಿಸ್ಟ್ರೇಟರು "ಏನಾದರೂ ತೊಂದರೆ ಆಯಿತೇ?" ಎಂದು ಕೇಳಿದಾಗ ಹೆದರಿ "ಇಲ್ಲ ಸ್ವಾಮಿ" ಎಂದವನು ಆಮೇಲೆ ಎಷ್ಟು ಅತ್ತರೂ ಪ್ರಯೋಜನ ಕಡಿಮೆ. ಏಟು ಬಿದ್ದಿದ್ದರೆ ಅಲ್ಲೇ ಹೇಳಬೇಕು, ಗಾಯ ತೋರಿಸಬೇಕು.

ಹೀಗೆ ಹೇಳದೆ ಉಳಿದುಹೋದ ಮಾತಿನ ಕಷ್ಟ ತಿಳಿಯಬೇಕಾದರೆ ದೂರ ಹೋಗಬೇಕಾಗಿಲ್ಲ. ದೀಪಾವಳಿಗೆ, ಶಿವರಾತ್ರಿಗೆ ನಾವು ನಡೆದುಹೋಗುವ ಮಹದೇಶ್ವರ ಬೆಟ್ಟವನ್ನೇ ನೆನೆಯಿರಿ. ವೀರಪ್ಪನ್‌ನನ್ನು ಹಿಡಿಯಲು 1990ರ ದಶಕದಲ್ಲಿ ಕರ್ನಾಟಕ, ತಮಿಳುನಾಡುಗಳ ವಿಶೇಷ ಕಾರ್ಯಪಡೆ ಆ ಕಾಡಿನಲ್ಲಿ ಇತ್ತು. ಅವನು ಕೊಂದವರಲ್ಲಿ ಪೋಲೀಸರೂ ಅರಣ್ಯಾಧಿಕಾರಿಗಳೂ ಇದ್ದರು, ಅದನ್ನು ಮರೆಯಬಾರದು. ಆದರೆ ಅವನಿಗೆ ಅನ್ನ ಕೊಟ್ಟರೆಂಬ ಅನುಮಾನದ ಮೇಲೆ ಕಾಡಂಚಿನ ಬಡವರನ್ನು ಹಿಡಿದು ಹಿಂಸಿಸಿದರೆಂದು ದೂರು ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಮುಂದಾಳುತನದಲ್ಲಿ ವಿಚಾರಣಾ ಸಮಿತಿ ನೇಮಿಸಿತು. ಎಷ್ಟೋ ಜನ ಬಂದು ಹೇಳಿಕೆ ಕೊಟ್ಟರು. 2007ರಲ್ಲಿ ಆಯೋಗ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ಹೇಳಿಕೆ ಕೊಟ್ಟವರೆಲ್ಲರಿಗೂ ಸಿಗಲಿಲ್ಲ. ಹಿಡಿದದ್ದಕ್ಕೆ ಪತ್ರವಿಲ್ಲ, ಗಾಯಕ್ಕೆ ಡಾಕ್ಟರ ಚೀಟಿಯಿಲ್ಲ, ವರ್ಷಗಳು ಕಳೆದಿವೆ ಎಂದರೆ ನಿಜ ಹೇಳುವವನ ಮಾತನ್ನೂ ನಂಬಿಸುವುದು ಎಷ್ಟು ಕಷ್ಟವೆಂಬುದನ್ನು ಯೋಚಿಸಿ ನೋಡಿ.

ಆದಕಾರಣ ಏಟು ಬಿದ್ದ ದಿನವೇ ಸರ್ಕಾರಿ ಆಸ್ಪತ್ರೆಗೆ ಹೋಗಿ, ಹೇಗೆ ಆಯಿತೆಂದು ಡಾಕ್ಟರಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಬರೆಸಿ. "ಬಿದ್ದು ಪೆಟ್ಟಾಯಿತು" ಎನ್ನಬೇಡಿ. ಠಾಣೆಗೆ ಹೋದ ಗಳಿಗೆ, ಬಿಟ್ಟ ಗಳಿಗೆ ಗುರುತು ಹಾಕಿಕೊಳ್ಳಿ. ಎಲ್ಲ ಠಾಣೆಗಳಲ್ಲೂ ಸಿ.ಸಿ. ಕ್ಯಾಮೆರಾ ಇರಬೇಕು, ಅದರ ಚಿತ್ರವನ್ನು ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಕಾಪಾಡಬೇಕು ಎಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಆಜ್ಞೆ ಮಾಡಿದೆ. ನೀವು ಬರೆದ ದಿನ ಮತ್ತು ಗಳಿಗೆ ಆ ಚಿತ್ರವನ್ನು ಹುಡುಕಿಸುವ ಬೀಗದಕೈ.

ಹಾಗಾದರೆ ಪೋಲೀಸರ ಮೇಲೆ ದೂರನ್ನು ಪೋಲೀಸರಿಗೇ ಕೊಡಬೇಕೇ? ಸೂಪರಿಂಟೆಂಡೆಂಟರಿಗೆ ಮೊದಲು ಕೊಡುವುದು ಒಳ್ಳೆಯದೇ; ತಪ್ಪು ಮಾಡಿದವರನ್ನು ಇಲಾಖೆಯ ಶಿಸ್ತಿನಲ್ಲಿ ಶಿಕ್ಷಿಸುವ ಅಧಿಕಾರ ಇಲಾಖೆಗಿದೆ. ಆದರೆ ಬೇರೆ ಬಾಗಿಲುಗಳೂ ಇವೆ. ಪ್ರಕಾಶ್ ಸಿಂಗ್ ಎಂಬವರು ಪೋಲೀಸ್ ಮಹಾನಿರ್ದೇಶಕರಾಗಿ ನಿವೃತ್ತರಾದವರು; ಅವರೇ ಹಾಕಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2006ರ ಸೆಪ್ಟೆಂಬರ್ 22ರಂದು, ರಾಜ್ಯಕ್ಕೊಂದು, ಜಿಲ್ಲೆಗೊಂದು ಪೋಲೀಸ್ ದೂರು ಪ್ರಾಧಿಕಾರ ಇರಬೇಕೆಂದು ಹೇಳಿತು. ಡಿ.ವೈ.ಎಸ್.ಪಿ. ದರ್ಜೆಯವರೆಗಿನವರ ಮೇಲಿನ ದೂರು ಜಿಲ್ಲೆಯದಕ್ಕೆ, ಅದರ ಮೇಲಿನವರದು ರಾಜ್ಯದ್ದಕ್ಕೆ. ವಶದಲ್ಲಿದ್ದಾಗಿನ ಸಾವು, ಭಾರಿ ಗಾಯ, ಅತ್ಯಾಚಾರಗಳ ಜೊತೆಗೆ ಸುಲಿಗೆ, ಜಮೀನು ಮನೆ ಕಬಳಿಕೆ, ಅಧಿಕಾರದ ಘೋರ ದುರುಪಯೋಗ ಇವನ್ನೂ ಜಿಲ್ಲೆಯದು ನೋಡಬಹುದು ಎಂದಿತು. ನಮ್ಮ ರಾಜ್ಯ 2012ರಲ್ಲಿ ಪೋಲೀಸ್ ಕಾಯಿದೆಯನ್ನು ತಿದ್ದಿ ಈ ಪ್ರಾಧಿಕಾರಗಳಿಗೆ ಜಾಗ ಮಾಡಿತು. ನಮ್ಮ ಹಳ್ಳಿಗಳಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ, ಅದೇ ನನ್ನ ಬೇಸರ. ಬೆಂಗಳೂರಿನಲ್ಲಿ ರಾಜ್ಯ ಮಾನವ ಹಕ್ಕುಗಳ ಆಯೋಗವಿದೆ. ಕನ್ನಡದಲ್ಲಿಯೇ ಬಿಳಿಯ ಹಾಳೆಯಲ್ಲಿ ಬರೆದು ಕಳಿಸಬಹುದು, ಶುಲ್ಕವಿಲ್ಲ. ಆದರೆ ಘಟನೆ ನಡೆದು ಒಂದು ವರ್ಷ ಕಳೆದರೆ ಆಯೋಗ ಅದನ್ನು ವಿಚಾರಿಸುವಂತಿಲ್ಲ. ಲಂಚ ಕೇಳಿದರೆ ದಾರಿ ಬೇರೆ: ಕೊಡುವುದಕ್ಕೆ ಮುಂಚೆಯೇ ಲೋಕಾಯುಕ್ತದವರನ್ನು ಕಾಣಿ. ಬಲವಂತಕ್ಕೆ ಕೊಟ್ಟುಬಿಟ್ಟಿದ್ದರೆ 7 ದಿನದೊಳಗೆ ತಿಳಿಸಿದವನು ಲಂಚ ಕೊಟ್ಟ ಅಪರಾಧಕ್ಕೆ ಗುರಿಯಾಗುವುದಿಲ್ಲವೆಂದು 2018ರ ತಿದ್ದುಪಡಿ ಹೇಳುತ್ತದೆ.

ಕೊನೆಗೆ ಹಣದ ದಾವೆ. ಅನ್ಯಾಯವಾಗಿ ಕೂಡಿಹಾಕಿದ್ದಕ್ಕೆ, ಹೊಡೆದದ್ದಕ್ಕೆ ನಷ್ಟ ಕಟ್ಟಿಕೊಡಿ ಎಂದು ಅಧಿಕಾರಿಯ ಮೇಲೆ, ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡಬಹುದೇ? ಹೂಡಬಹುದು, ಆದರೆ ದಾರಿಯಲ್ಲಿ ಕಲ್ಲುಗಳಿವೆ, ಮುಚ್ಚಿಡುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೆಯ ಕಲಮಿನಂತೆ ಎರಡು ತಿಂಗಳ ನೋಟೀಸು ಮೊದಲು ಕೊಡಬೇಕು. ಕರ್ತವ್ಯದ ಹೆಸರಿನಲ್ಲಿ ಮಾಡಿದ ಕೆಲಸವಾದರೆ 1963ರ ಕರ್ನಾಟಕ ಪೋಲೀಸ್ ಕಾಯಿದೆಯ 170ನೆಯ ಕಲಮಿನಂತೆ ಸರ್ಕಾರದ ಪೂರ್ವಾನುಮತಿಯೂ ಬೇಕು. ಈ ಕಲಮಿನ ಬಲವನ್ನು ಸುಪ್ರೀಂ ಕೋರ್ಟು 2020ರಲ್ಲಿ ಕರ್ನಾಟಕದ್ದೇ ಒಂದು ಮೊಕದ್ದಮೆಯಲ್ಲಿ ಎತ್ತಿಹಿಡಿದಿದೆ. ಅಕ್ರಮ ಬಂಧನದ ಪರಿಹಾರಕ್ಕೆ ವಾಯಿದೆ ಬಂಧನ ಮುಗಿದ ದಿನದಿಂದ ಒಂದೇ ವರ್ಷ. ಒಂದು ಸುಗ್ಗಿಯಿಂದ ಇನ್ನೊಂದು ಸುಗ್ಗಿಗೆ ಮುಂದೂಡಿದರೆ ಹಕ್ಕೇ ಹೋಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ನಮ್ಮ ಹಿರಿಯರು ಹೇಳಿದ್ದು ಸುಮ್ಮನೆಯಲ್ಲ. ಚಿಕ್ಕಪುಟ್ಟ ಜಟಾಪಟಿಗೆ ಈ ದಾವೆ ಬೇಡವೆಂದೇ ನನ್ನ ಸಲಹೆ.

ಸಾವು, ಅಂಗ ಊನ, ದಿನಗಟ್ಟಲೆ ಅಕ್ರಮ ಬಂಧನ ಇಂಥವುಗಳಿಗೆ ನೇರವಾಗಿ ಹೈಕೋರ್ಟಿನ ರಿಟ್ ಅರ್ಜಿಯ ದಾರಿಯಿದೆ. ಒರಿಸ್ಸಾದ ನೀಲಾಬತಿ ಬೆಹೆರಾ ಎಂಬ ತಾಯಿಯ 22 ವರ್ಷದ ಮಗನನ್ನು 1987ರಲ್ಲಿ ಪೋಲೀಸರು ಹಿಡಿದುಕೊಂಡು ಹೋದರು. ಮಾರನೆಯ ದಿನ ಹೆಣ ರೈಲುಹಳಿಯ ಮೇಲಿತ್ತು. ಆಕೆ ವಕೀಲರನ್ನು ಹುಡುಕುತ್ತ ಕೂರಲಿಲ್ಲ, ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು. 1993ರಲ್ಲಿ ಕೋರ್ಟು ರಾಜ್ಯ ಸರ್ಕಾರದಿಂದ ಒಂದೂವರೆ ಲಕ್ಷ ರೂಪಾಯಿ ಕೊಡಿಸಿತು. ಹೋದ ಮಗ ಬರಲಿಲ್ಲ. ಆದರೆ ಸರ್ಕಾರ ಹೊಣೆಯೆಂಬುದು ನಿಂತಿತು.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಪುಕ್ಕಟೆ ವಕೀಲರನ್ನು ಕೊಡುತ್ತಾರೆ. ಉಳಿದ ಬಡವರಿಗೆ ಆದಾಯದ ಮಿತಿಯಿದೆ. ಮಳವಳ್ಳಿಯ ಕೋರ್ಟಿನಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯನ್ನು ವಿಚಾರಿಸಿ, ಅಥವಾ 15100ಕ್ಕೆ ಫೋನು ಮಾಡಿ.

ಸೂಪರಿಂಟೆಂಡೆಂಟರಿಗೆ ಬರೆಯುವ ಅರ್ಜಿಯ ಮಾದರಿಯೊಂದನ್ನು ಕೊಟ್ಟು ಮುಗಿಸುತ್ತೇನೆ. ಕತ್ತರಿಸಿ ಇಟ್ಟುಕೊಳ್ಳಿ.

"ಪೋಲೀಸ್ ಸೂಪರಿಂಟೆಂಡೆಂಟರು, ಮಂಡ್ಯ ಜಿಲ್ಲೆ, ಇವರಿಗೆ. ಮಾನ್ಯರೇ, ನಾನು ಮಳವಳ್ಳಿ ತಾಲ್ಲೂಕು ........ ಗ್ರಾಮದ ವಾಸಿ. ಇದೇ ........ ತಾರೀಕು ರಾತ್ರಿ ನನ್ನ ರೊಪ್ಪದಿಂದ ........ ಗುರುತಿನ, ........ ರೂಪಾಯಿ ಬೆಲೆಯ ಟಗರು ಕಳುವಾಯಿತು. ........ ತಾರೀಕು ........ ಗಂಟೆಗೆ ........ ಠಾಣೆಗೆ ಹೋಗಿ ದೂರು ಕೊಟ್ಟೆನು. ಆಗ ಕರ್ತವ್ಯದಲ್ಲಿದ್ದವರು (ಹೆಸರು ತಿಳಿದಿದ್ದರೆ ಹೆಸರು, ಇಲ್ಲವೇ ದರ್ಜೆ) ದೂರು ಸ್ವೀಕರಿಸಲಿಲ್ಲ, ಹಿಂಬರಹವನ್ನೂ ಕೊಡಲಿಲ್ಲ. ನನ್ನ ಜೊತೆಯಲ್ಲಿ ಇದ್ದವರು ........ . ಠಾಣೆಯ ಆ ಹೊತ್ತಿನ ಕ್ಯಾಮೆರಾ ಚಿತ್ರವನ್ನು ಕಾಪಾಡಿಸಿ, ಸಂಹಿತೆಯ 173(4)ನೆಯ ಕಲಮಿನಂತೆ ಕ್ರಮ ಜರುಗಿಸಬೇಕಾಗಿ ಪ್ರಾರ್ಥನೆ. ಮೂಲ ದೂರಿನ ನಕಲು ಲಗತ್ತಿಸಿದೆ."

ಏಟು ಬಿದ್ದಿದ್ದರೆ, ಕೂಡಿಹಾಕಿದ್ದರೆ ಅದೇ ಧಾಟಿಯಲ್ಲಿ ಆ ವಿವರ ಬರೆಯಿರಿ; ಬೈಗುಳ ಬೇಡ, ಊಹೆ ಬೇಡ, ಕಂಡದ್ದು ಮಾತ್ರ. ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ. ಅಂಚೆ ಕಚೇರಿಯಲ್ಲಿ ಸ್ಪೀಡ್ ಪೋಸ್ಟ್ ಎಂದೇ ಕೇಳಿ. ಅವರು ಕೊಡುವ ರಸೀತಿಯ ಮಸಿ ಆರು ತಿಂಗಳಲ್ಲಿ ಅಳಿಸಿಹೋಗುವುದುಂಟು. ಅಂದೇ ಅದರ ಜೆರಾಕ್ಸ್ ಮಾಡಿಸಿ, ಅರ್ಜಿಯ ನಕಲಿಗೆ ಗುಂಡುಸೂಜಿ ಚುಚ್ಚಿ, ಪಹಣಿ ಇಡುವ ಪೆಟ್ಟಿಗೆಯಲ್ಲಿಯೇ ಇಟ್ಟುಬಿಡಿ.